ಅಳು ಅಂತ ಯಾರೂ ಹೇಳದ ಭಾಗಮ್ಮ

ಶಹಾಬಾದಿನ ಭಾಗಮ್ಮ ಐದು ವರ್ಷ ಅಳಲಿಲ್ಲ. ಓಣಿಯವರು ಎದುರಿಗೆ ಅದನ್ನು ಗಟ್ಟಿತನ ಎಂದರು. ಗಂಡ ಸತ್ತರೂ ಹನಿ ಕಣ್ಣೀರು ಹಾಕದವಳು ಎಂದು ಹಿಂದೆ ಆಡಿಕೊಂಡವರೂ ಅವರೇ. ಎಲುಬಿಲ್ಲದ ನಾಲಿಗೆ ಹೇಗೂ ಹೊರಳುತ್ತದೆ.

ಗಂಡ ಕಾಶಪ್ಪ ಗಣಿಯಲ್ಲಿ ಹಾಸುಗಲ್ಲಿನ ಕೆಳಗೆ ಸಿಕ್ಕಿ ಸತ್ತಾಗ ಮಗಳು ಮಾದೇವಿ ಒಂಬತ್ತು ದಿನದ ಕೂಸು. ಸೂಲಗಿತ್ತಿ ಜಾನಬಿ, ಭಾಗಮ್ಮನ ಅತ್ತೆ ಗುಂಡಮ್ಮನನ್ನು ಒಳಗೆ ಕರೆದು, “ನಲವತ್ತು ದಿನ ಆಕಿ ಅಳಬಾರದು ನೋಡಕ್ಕ. ಬಾಣಂತಿ ಅತ್ತರ ಹಾಲು ಬತ್ತತದ,” ಎಂದಳು. ಮಗನನ್ನು ಕಳೆದುಕೊಂಡ ಗುಂಡಮ್ಮ ಮೊಮ್ಮಗಳನ್ನಾದರೂ ಉಳಿಸಿಕೊಳ್ಳಬೇಕಿತ್ತು. ಸೊಸೆಗೆ ಅಳು ಬಂದಾಗೆಲ್ಲ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. ಹೆಣವನ್ನೂ ತೋರಿಸಲಿಲ್ಲ. ಹಾಲು ಹದಿನೈದೇ ದಿನಕ್ಕೆ ಬತ್ತಿತು, ಆ ಮಾತು ಬೇರೆ.

ಅಂದಿನಿಂದ ಭಾಗಮ್ಮ ರೊಟ್ಟಿ ಬಡಿದಳು, ನೀರು ತಂದಳು, ಮಗಳನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಹತ್ತಿರ ಹೋದರೆ ಕೈ ನಡುಗಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಠದ ವಿಭೂತಿ, ದರ್ಗಾದ ದಾರ, ಯಾವುದೂ ನಾಟಲಿಲ್ಲ. ಐದು ವರ್ಷ ಕಾದು, ಕಡೆಗೆ ಗುಂಡಮ್ಮ ಮಾದೇವಿಯನ್ನು ನಾಲವಾರದಲ್ಲಿದ್ದ ತನ್ನ ಮಗಳ ಮನೆಗೆ ಬಿಡಲು ನಿಶ್ಚಯಿಸಿದಳು. ತಾಯಿ ಇದ್ದೂ ತಬ್ಬಲಿಯಾದುದನ್ನು ಎಷ್ಟು ದಿನ ನೋಡುವುದು?

ಅದೇ ವಾರ ಜಾನಬಿ ಬಂದಳು. ಆ ನಲವತ್ತು ದಿನ ತುಂಬುವ ಮೊದಲೇ ನಿಜಾಮನ ರೈಲಿನಲ್ಲಿ ಮಗನಿಗೆ ನೌಕರಿಯಾಗಿ ಅವಳು ವಾಡಿಗೆ ಹೋಗಿದ್ದಳು. ಎಲ್ಲ ಕೇಳಿ, “ನಲವತ್ತು ದಿನ ಆದಮ್ಯಾಲ ಅಳಾಕ ಬಿಟ್ಟಿಲ್ಲೋ, ಅಕ್ಕಾ?” ಎಂದಳು.

“ಅಳಬಾರದು ಅಂದಿ. ಅಳು ಅಂತ ಯಾವಾಗ ಅಂದಿ?”

ಜಾನಬಿ ಹಣೆ ಬಡಿದುಕೊಂಡಳು. ಕಟ್ಟು ಹಾಕಿದವಳು ತಾನು, ಬಿಚ್ಚುವುದನ್ನು ಹೇಳದೆ ಹೋದವಳೂ ತಾನೇ. ಒಲೆಯ ಮುಂದಿದ್ದ ಭಾಗಮ್ಮನ ಪಕ್ಕ ಕುಳಿತಳು.

“ಭಾಗವ್ವ, ಆವತ್ತ ಮುಂಜಾನಿ ಕಾಶಪ್ಪ ಏನಂದ?”

ಐದು ವರ್ಷ ಯಾರೂ ಕೇಳದ ಮಾತು ಅದು. ಭಾಗಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದಳು.

“ಇವತ್ತ ಗಣಿಗಿ ಹೋಗಲ್ಲ, ಕೂಸಿನ್ನ ತೊಡಿಮ್ಯಾಲ ಇಟ್ಕೊಂಡು ಕುಂದರತೀನಿ ಅಂದ್ರು.”

“ನೀ ಏನಂದಿ?”

ಭಾಗಮ್ಮನಿಗೆ ಮತ್ತೆ ಉಸಿರು ಸಿಕ್ಕಿಕೊಂಡಿತು. ಜಾನಬಿ ಅವಳ ಬೆನ್ನು ಸವರಿದಳು.

“ಕೂಸಿನ್ನ ಕಸ್ಕೊಂಡ್ನಿ. ಗಂಡಸು ಕೂಸ ಆಡಿಸ್ಕೋತ ಕುಂತ್ರ ಜನ ನಗ್ತಾರ, ಹೋಗ್ರಿ ಅಂದ್ನಿ. ನಾನೇ ಕಳಿಸಿದ್ನಿ.”

ಆಮೇಲೆ ಬಂದ ಅಳುವಿಗೆ ಓಣಿಯೇ ಬಾಗಿಲಿಗೆ ಬಂತು. ಗುಂಡಮ್ಮ ರೂಢಿಯಂತೆ ಬಾಯಿ ಮುಚ್ಚಲು ಓಡಿಬಂದವಳು ಸೊಸೆಯ ಕೊರಳಿಗೆ ಬಿದ್ದು ತಾನೂ ಅತ್ತಳು. ಅವಳಿಗೂ ಯಾರೂ ಅಳು ಅಂದಿರಲಿಲ್ಲ.

ಅಳು ಇಳಿದಾಗ ಭಾಗಮ್ಮ ಮಗಳ ಕಡೆ ಎರಡೂ ಕೈ ಚಾಚಿದಳು. ಕೈ ಇನ್ನೂ ನಡುಗುತ್ತಿದ್ದವು, ಆದರೆ ಹಿಂದೆಗೆಯಲಿಲ್ಲ. ಮಾದೇವಿ ಅಜ್ಜಿಯ ಬೆನ್ನಿಗೆ ಸರಿದು ಮೆಲ್ಲಗೆ ಕೇಳಿದಳು:

“ಆಯಿ, ಈಕಿ ನಂಗ ಏನ್ ಮಾಡ್ತಾಳ?”