ಮೈಕಿನಲ್ಲಿ ಕೂಗದ ಆಹೇರ

ಎರಡು ದಿನ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮೂಲವ್ಯಾಧಿಯೇನಲ್ಲ, ಮೋಸ ಹೋಗಿದ್ದೆ.

ತಂಬೂರು ಎಂಬ ಊರಿನ ಶಾಲೆಯಲ್ಲಿ ಗಣಿತ ಕಲಿಸುವವನು ನಾನು. ಸೋಮವಾರ ಹೆಡ್‌ಮಾಸ್ತರರ ಫೋಟೋ ಇದ್ದ ಹೊಸ ನಂಬರಿನಿಂದ ವಾಟ್ಸಾಪ್ ಬಂತು. ತಾವು ಮೀಟಿಂಗಿನಲ್ಲಿರುವುದಾಗಿಯೂ, ಶಿಕ್ಷಣ ಇಲಾಖೆಯ ಸಾಹೇಬರ ಮಗಳ ಮದುವೆಗೆ ಆಹೇರವಾಗಿ ಐದು ಸಾವಿರದ ಗಿಫ್ಟ್ ಕಾರ್ಡು ಕೊಂಡು ಅದರ ನಂಬರು ಗುಟ್ಟಾಗಿ ಕಳಿಸಬೇಕೆಂದೂ ಇತ್ತು. ನಮ್ಮ ಕಡೆ ಮದುವೆಯ ಉಡುಗೊರೆಯನ್ನು, ಕೊಟ್ಟವರ ಹೆಸರು ಸಮೇತ ಮೈಕಿನಲ್ಲಿ ಕೂಗುತ್ತಾರೆ. ಗುಟ್ಟಿನ ಆಹೇರ ಎಂದಾಗಲೇ ಅನುಮಾನ ಬರಬೇಕಿತ್ತು. ಆದರೆ ಆಹೇರಕ್ಕೆ 'ಯಾಕೆ' ಎಂದು ಕೇಳಿದವನು ಜಿಪುಣನೆಂದೇ ಇಲ್ಲಿ ಲೆಕ್ಕ. ಕೇಳಲಿಲ್ಲ. ಕಾರ್ಡಿನ ಪಟ್ಟಿ ಕೆರೆದು ಅಂಕಿಗಳನ್ನು ಒಂದೂ ತಪ್ಪದಂತೆ ಕಳಿಸಿದೆ. ಗಣಿತದ ಮಾಸ್ತರ ನೋಡಿ!

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹೆಡ್‌ಮಾಸ್ತರರು ಸಿಕ್ಕರು. ಸಾಹೇಬರ ಮನೆಯ ಮದುವೆ ಯಾವಾಗ ಎಂದು ಕೇಳಿದೆ. "ಯಾವ ಮದುವಿರಿ?" ಎಂದರು. "ಏನಿಲ್ರಿ" ಎಂದು ಮಾತು ತೇಲಿಸಿದೆ.

ಆಮೇಲೆ ಕಾನೂನು ಓದಿದೆ. ಗಿಫ್ಟ್ ಕಾರ್ಡಿನ ಹೆಸರು ಅದರಲ್ಲಿ ಕಾಣಲಿಲ್ಲ, ಆದರೂ ಕಳ್ಳನಿಗೆ ಬಿಡುಗಡೆಯಿಲ್ಲ. ವಂಚನೆಗೆ ಏಳು ವರ್ಷದವರೆಗೆ ಜೈಲು; ಇನ್ನೊಬ್ಬರ ಸೋಗು ಹಾಕಿದ್ದಕ್ಕೆ ಬೇರೆ ಕಲಮು; ಅದನ್ನು ಮೊಬೈಲಿನಲ್ಲಿ ಮಾಡಿದ್ದಕ್ಕೆ ಮತ್ತೊಂದು. ನಾವು ಬಾಯ್ತುಂಬ ಬೈಯುತ್ತಿದ್ದ ನಾನೂರಾ ಇಪ್ಪತ್ತು ಈಗ ಹೊಸ ಕಾನೂನಿನಲ್ಲಿ ಮುನ್ನೂರಾ ಹದಿನೆಂಟಾಗಿದೆ. ಬೈಯಲು ಹಳೆಯದೇ ಚೆನ್ನಾಗಿತ್ತು. ಇದೆಲ್ಲ ನಡೆಯಬೇಕಾದರೆ ಮಾತ್ರ ನಾನು ಠಾಣೆಗೆ ಹೋಗಿ, ಮೋಸ ಹೋದೆನೆಂದು ಬರೆದು ಸಹಿ ಹಾಕಬೇಕು. ಅಲ್ಲಿ ದೂರು ಬರೆದುಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿ! ಎರಡು ಸಲ ಠಾಣೆಯ ಬಾಗಿಲವರೆಗೆ ಹೋದೆ. ಎರಡೂ ಸಲ ಎದುರಿನ ಗಾಡಿಯಲ್ಲಿ ಬಾಳೆಹಣ್ಣು ಕೊಂಡು ಮನೆಗೆ ಬಂದೆ.

ಬುಧವಾರ ಬೆಳಿಗ್ಗೆ ನಮ್ಮ ಶಾಲೆಯ ಶಿಕ್ಷಕಿ ಶಾಂತಾ ಅಕ್ಕೋರು ಸ್ಟಾಫ್ ರೂಮಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿನ್ನಿ ಹೆಡ್‌ಮಾಸ್ತರ ಮೆಸೇಜ್ ಬಂತ್ರಿ ಸರ. ಮಗಳ ಫೀ ತುಂಬಾಕ ಇಟ್ಟಿದ್ದ ರೊಕ್ಕದಾಗ ಕಾರ್ಡ್ ತಂದು ನಂಬರ್ ಕಳಿಸಿದೆ. ಯಾರರೆ ಮೊದಲ ಒಂದ ಮಾತ ಹೇಳಿದ್ರ..."

ಕಳ್ಳನಿಗೆ ಮೂರು ಕಲಮುಗಳಿವೆ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಒಂದೂ ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎನಿಸಿತು.

ಪ್ರಾರ್ಥನೆಯ ಗಂಟೆ ಹೊಡೆಯಿತು. ಹೊರಗೆ ಹೋಗಿ ಮೈಕು ಹಿಡಿದೆ.

"ಗಣಿತದ ಮಾಸ್ತರ ಕಡಿಂದ, ಹೆಡ್‌ಮಾಸ್ತರ ಫೋಟೋ ಹಚ್ಚಿಕೊಂಡ ಗುರ್ತಿಲ್ಲದ ಕಳ್ಳಗ, ಐದು ಸಾವಿರ ರೂಪಾಯಿ ಆಹೇರ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ತರರು ಗಾಬರಿಯಿಂದ ತಮ್ಮ ಫೋನು ತೆಗೆದು ನೋಡಿದರು. ಅಕ್ಕೋರು ತಲೆ ಎತ್ತಿದರು.

"ನಡೀರಿ ಅಕ್ಕೋರ, ಠಾಣೆಗೆ ಹೋಗೂಣು" ಎಂದೆ.

ಠಾಣೆಯ ಎದುರು ಬಾಳೆಹಣ್ಣಿನವನು ನನ್ನನ್ನು ನೋಡಿ ಒಂದು ಡಜನ್ ಎತ್ತಿಯೇ ಬಿಟ್ಟ.

"ಇವತ್ತ ಬ್ಯಾಡಪಾ" ಎಂದು ಒಳಗೆ ಹೋದೆ.