ಅಮಾವಾಸ್ಯೆಯವರೆಗಿನ ಮನೆ

ನವನಗರದ ಆ ಮನೆಯನ್ನು ಬಿಡುತ್ತೇನೆಂಬ ಮಾತನ್ನು ನಾನು ಕಾಗದದ ಮೇಲೆ ಬರೆದುಕೊಟ್ಟೆ. ಕರಾರುಪತ್ರದಲ್ಲಿ ಹಾಗೆಯೇ ಇತ್ತು: ಖಾಲಿ ಮಾಡುವವರು ಒಂದು ತಿಂಗಳು ಮೊದಲು ಲಿಖಿತ ನೋಟೀಸು ಕೊಡಬೇಕು, ಆ ತಿಂಗಳ ಬಾಡಿಗೆಯನ್ನೂ ಕಟ್ಟಬೇಕು. ಇಳಕಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ನೋಟೀಸಿಗೆ ಸಹಿ ಹಾಕಿ, ಜೆರಾಕ್ಸ್ ಒಂದನ್ನು ನನಗೆಂದು ಇಟ್ಟುಕೊಂಡು, ಒಂದನೇ ತಾರೀಖು ಬೆಳಿಗ್ಗೆ ಮನೆಯೊಡತಿಯ ಅಡುಗೆಮನೆಗೆ ಹೋದೆ.

ಅವರನ್ನು ನಾನು ಆಯಿ ಎನ್ನುತ್ತಿದ್ದೆ. ಮಗ, ಸೊಸೆಯೊಂದಿಗೆ ಮುಂದಿನ ಭಾಗದಲ್ಲಿದ್ದರು. ಹಿಂದಿನ ಎರಡು ಕೋಣೆಗಳಲ್ಲಿ ಮೂರು ವರ್ಷದಿಂದ ನಾನಿದ್ದೆ. ಆಯಿ ರೊಟ್ಟಿ ಬಡಿಯುವ ಹೊತ್ತಿಗೆ ನಾನು ಹೋಗಿ ಬಾಗಿಲಿಗೆ ಒರಗಿ ನಿಲ್ಲುವುದು, ಇಬ್ಬರೂ ಯಾವುದಾದರೊಂದಕ್ಕೆ ವಾದ ಹಚ್ಚುವುದು ದಿನದ ಪದ್ಧತಿ. ನಾನು ಚರ್ಚಾ ಸ್ಪರ್ಧೆಗಳಲ್ಲಿ ಬೆಳೆದವಳು, ಪುರಾವೆಯಿಲ್ಲದ ಮಾತನ್ನು ಸುಮ್ಮನೆ ಹೋಗಗೊಡುವವಳಲ್ಲ. ಓಣಿಯ ಕೂಸಿಗೆ ಆಯಿ ದೃಷ್ಟಿ ತೆಗೆದ ದಿನವೂ ಬಿಡಲಿಲ್ಲ.

"ಕೂಸು ಸುಮ್ಮನಾಗಿದ್ದು ನಿಮ್ಮ ಮೆಣಸಿನಕಾಯಿಗೆ ಅಲ್ರಿ ಆಯಿ. ಅತ್ತು ಅತ್ತು ದಣದೈತಿ."

"ಹೌದಾ? ಹಂಗಾರ ನೀ ಯಾವಾಗ ದಣೀತಿ?"

ಆ ಬೆಳಿಗ್ಗೆ ಕಾಗದ ಕಂಡು ಅವರ ಕೈ ನಿಂತಿತು.

"ಏನದು?"

"ನೋಟೀಸ್ರಿ. ಮನಿ ಬಿಡಾಕಹತ್ತೇನಿ. ಒಂದ ತಿಂಗಳ ಮೊದಲ ಕೊಡಬೇಕಲ್ರಿ."

ಹಿಟ್ಟಿನ ಕೈಯನ್ನು ಅವರು ಚಾಚಲಿಲ್ಲ. "ನಮಗ ಹಿಂದಕ್ಕೂ ಒಮ್ಮೆ ನೋಟೀಸ್ ಬಂದಿತ್ತವಾ. ಬಾಗಲಕ್ಕ ಹಚ್ಚಿ ಹೋಗಿದ್ರು. ನೀನೂ ಅಲ್ಲೇ ಹಚ್ಚಿ ಹೋಗು."

ಹಳೆ ಬಾಗಲಕೋಟೆಯ ಅವರ ಮನೆ ಅಣೆಕಟ್ಟಿನ ಹಿನ್ನೀರಿಗೆ ಮುಳುಗಿ ಹೋದದ್ದು ನನಗೆ ಗೊತ್ತಿತ್ತು. ನವನಗರದಲ್ಲಿ ಅದು ಯಾರಿಗೆ ಗೊತ್ತಿಲ್ಲ? ಇಲ್ಲಿ ಮನೆ ಬಿಡುವವರು ಮೊದಲು ಕೂತು ಚಹಾ ಕುಡಿಯುತ್ತಾರೆ, ಅತ್ತಿತ್ತಲ ಸುದ್ದಿ ಹೇಳುತ್ತಾರೆ, ಎದ್ದು ಹೋಗುವಾಗ "ಏನ್ ಮಾಡೂದ್ರಿ, ನೌಕರಿ" ಅನ್ನುತ್ತಾರೆ. ಮಿಕ್ಕದ್ದು ತಾನಾಗಿ ತಿಳಿಯುತ್ತದೆ. ನಾನು ಕರಾರಿನ ಪ್ರಕಾರ ನಡೆದಿದ್ದೆ. ಕರಾರಿನಲ್ಲಿ ಚಹಾ ಇರಲಿಲ್ಲ.

ಅಂದಿನಿಂದ ಆಯಿ ನನ್ನೊಡನೆ ವಾದ ಮಾಡುವುದನ್ನು ಬಿಟ್ಟರು. ಸಿಟ್ಟು ಮಾಡಿದ್ದರೆ ಎದುರಿಸಬಹುದಿತ್ತು. ರೊಟ್ಟಿ ಸೊಸೆಯ ಕೈಯಲ್ಲಿ ಬರುತ್ತಿತ್ತು. ಶನಿವಾರ ಎಣ್ಣೆ ಕೊಳ್ಳಬಾರದು ಎನ್ನುವವರು ಅವರು. ಕೆಣಕಿ ನೋಡಿದೆ.

"ಆಯಿ, ಇವತ್ತ ಶನಿವಾರ, ಎಣ್ಣಿ ಕೊಂಡು ತಂದೇನಿ."

"ಛಲೋ ಆತು."

ಅಷ್ಟೇ. ಹೋಗುವುದರೊಳಗೆ ಆಯಿ ಒಮ್ಮೆ ಮೊದಲಿನಂತೆ ನನ್ನ ಮೇಲೆ ಬೀಳಬೇಕು ಎಂಬುದೊಂದೇ ಆಗ ನನಗೆ ಬೇಕಾಗಿತ್ತು.

ತಿಂಗಳು ಮುಗಿಯುತ್ತ ಬಂದಾಗ ಸೊಸೆ ಸಂಕೋಚದಿಂದ ಬಂದು ನಿಂತರು. ಅವರನ್ನು ನಾನು ವೈನಿ ಎನ್ನುತ್ತಿದ್ದೆ. "ಅತ್ತಿ ಹೇಳ್ಯಾರು, ತಿಂಗಳಾ ಅಂದ್ರ ಅಮಾಸಿಗೆ ಮುಗೀತೈತಿ ಅಂತ. ಅಲ್ಲಿತನಕ ಬಾಡಿಗಿ ನಿಂದಽ ಅಂತ."

ಅಮಾವಾಸ್ಯೆಗೆ ತಾರೀಖಿನ ತಿಂಗಳು ಮುಗಿದ ಮೇಲೂ ಒಂದು ವಾರವಿತ್ತು. ಮೂರು ವರ್ಷ ನಾನು ಒಂದನೇ ತಾರೀಖಿಗೆ ಬಾಡಿಗೆ ಕೊಟ್ಟಿದ್ದೆ, ಅವರು ತೆಗೆದುಕೊಂಡಿದ್ದರು. ಅದು ಯಾರ ತಿಂಗಳೆಂದು ಇಬ್ಬರೂ ಕೇಳಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಸಂತೋಷ. ಕರಾರುಪತ್ರ ಹಿಡಿದು ಅಡುಗೆಮನೆಗೆ ಓಡಿದೆ.

"ಅಮಾಸಿಯಿಂದ ಅಮಾಸಿಗೆ ಹಿಡದ್ರ ವರ್ಷಕ್ಕ ದಿನಾ ಕಡಿಮಿ ಬೀಳತಾವ್ರಿ ಆಯಿ."

"ಅದಕ್ಕಽ ಅಧಿಕ ಮಾಸ ಬರತೈತಿ. ಲೆಕ್ಕಾ ಮಾಡಿದವ್ರು ನಿನಗಿಂತ ಶ್ಯಾಣ್ಯಾರಿದ್ರು."

ಅವರ ಕಣ್ಣಲ್ಲಿ ಹಳೆಯ ಮಿಂಚು ಕಂಡಿತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೈಯಲ್ಲಿ ಕಾಗದವಿತ್ತು. "ಇಲ್ಲೆ ನೋಡ್ರಿ, ತಾರೀಖು ಐತಿ. ಕೆಳಗ ನಿಮ್ಮ ಸಹಿ ಐತಿ."

ಆಯಿ ಅದನ್ನೇ ನೋಡುತ್ತ ಕೂತರು. "ಆತವಾ. ನಿಂದಽ ಖರೆ."

ಮೂರು ವರ್ಷದಲ್ಲಿ ಆ ಮಾತನ್ನು ಅವರು ಹೇಳಿದ್ದು ಅದೊಂದೇ ಸಲ. ಆ ಮನೆಯಲ್ಲಿ ಇನ್ನೊಂದು ವಾರ ಇರುವ ಕಾರಣವನ್ನು ನಾನೇ ವಾದ ಗೆದ್ದು ಇಲ್ಲವಾಗಿಸಿದ್ದೆ.

ಸಾಮಾನು ತುಂಬಿದ ಟೆಂಪೋ ಹೊರಗೆ ನಿಂತಿದ್ದಾಗ ಕೀಲಿ ಚಾಚಿದೆ. ಆಯಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ಅಮಾಸಿಗೆ ಕೊಡು."

ಕೀಲಿ ಕೊಡುವ ತನಕ ಬಾಡಿಗೆ ಓಡುತ್ತದೆ ಎಂದು ನನ್ನ ತಲೆ ತಕ್ಷಣ ಲೆಕ್ಕ ಹಾಕಿತು. ಇದೇನು ಉಪಾಯ? ಕೇಳುವಷ್ಟರಲ್ಲಿ ಡ್ರೈವರ್ ಹಾರ್ನ್ ಒತ್ತಿದ. ಕೀಲಿ ನನ್ನ ಕೈಯಲ್ಲೇ ಇಳಕಲ್ಲಿಗೆ ಬಂತು.

ಇಳಕಲ್ಲಿನ ಮನೆಯ ಮಾಲೀಕರು ಬೇರೆ ಊರಲ್ಲಿದ್ದಾರೆ. ಬಾಡಿಗೆ ಫೋನಿನಲ್ಲಿ ಹೋಗುತ್ತದೆ, ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತದೆ. ಎರಡೂ ಸದ್ದು ಒಂದೇ ಥರ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೂ ಆ ವಾರ ಚಹಾದ ಕಪ್ಪು ಹಿಡಿದು ದಿನಾ ಗೋಡೆಗೆ ಒರಗಿ ನಿಂತೆ.

ಅಮಾವಾಸ್ಯೆಯ ದಿನ ಹುನಗುಂದದ ಮೇಲಿಂದ ಹೋಗುವ ಬಸ್ಸು ಹಿಡಿದು ನವನಗರಕ್ಕೆ ಹೋದೆ. ಬಾಡಿಗೆ ಕೇಳಿದರೆ ಏನನ್ನಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ.

ವೈನಿ ಬಾಗಿಲಲ್ಲೇ ಹೇಳಿದರು: "ಮನಿ ನೋಡಾಕ ಮಂದಿ ಬಂದಿದ್ರು. ಕೀಲಿ ನಮ್ಮ ಕಡೆ ಇಲ್ಲ, ಅಮಾಸಿ ಆದಮ್ಯಾಲ ಬರ್ರಿ ಅಂದ್ರು ಅತ್ತಿ."

ಆ ಮನೆಯ ಇನ್ನೊಂದು ಕೀಲಿ ಅಡುಗೆಮನೆಯ ಮೊಳೆಗೆ ತೂಗುತ್ತಿರುತ್ತದೆ. ನಾನೂ ವೈನಿಯೂ ಒಟ್ಟಿಗೇ ಅತ್ತ ನೋಡಿದೆವು.

ಬೀಗ ತೆಗೆದೆ. ನೆಲ ಗುಡಿಸಿತ್ತು. ಮೂಲೆಯಲ್ಲಿ ತುಂಬಿದ ಕೊಡ. ಬರಿ ನೆಲದ ಮೇಲೆ ಕೂತೆ. ಆಯಿ ತಾಟಿನಲ್ಲಿ ಹೋಳಿಗೆ ತಂದಿಟ್ಟು ಹೊಸ್ತಿಲಾಚೆ ಕೂತರು.

"ಈ ವಾರದ ಬಾಡಿಗಿ ತಂದೇನ್ರಿ." ದಾರಿಯಲ್ಲಿ ಹೊಂದಿಸಿದ್ದು ಇದಲ್ಲ.

"ಬ್ಯಾಡ. ನೀ ಗೆದ್ದೀದಿ."

"ಹಂಗಾರ ನಾ ಯಾವ ಹಕ್ಕಿನ ಮ್ಯಾಲ ಇಲ್ಲೆ ಕುಂತೇನ್ರಿ?"

"ನನ್ನೇನ್ ಕೇಳತಿ? ಕಲತಾಕಿ ನೀನು. ಮೊದಲ ತಿನ್ನು, ಆರತೈತಿ."

ಆಯಿ ನನ್ನ ದಾರಿ ಕಾದರು ಎನ್ನಲು ನನ್ನ ಬಳಿ ಪುರಾವೆಯಿಲ್ಲ. ತಮ್ಮ ತಿಂಗಳ ಮಾತನ್ನು ಉಳಿಸಿಕೊಂಡರು, ಅಷ್ಟೇ ಇರಬಹುದು. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ಪುರಾವೆ ಎಲ್ಲಿ ಎಂದು ನಾನೇ ಎದ್ದು ಕೇಳುತ್ತಿದ್ದೆ.

ಬಿಸಿಲು ಗೋಡೆಯಿಂದ ಇಳಿದಾಗ ಆಯಿ ಕೈ ಚಾಚಿದರು.

"ಅಮಾಸಿ ಇನ್ನೂ ಮುಗದಿಲ್ಲಲ್ರಿ. ಪಂಚಾಂಗದಾಗ ರಾತ್ರಿತನಕ ಐತಿ," ಅಂದೆ.

"ನೀ ಯಾವಾಗಿಂದ ಪಂಚಾಂಗ ನಂಬಾಕಹತ್ತಿದಿ?"

ಆಯಿ ಚಾಚಿದ ಕೈ ಹಿಂದೆಗೆಯಲಿಲ್ಲ, ಬೇಗ ಕೊಡು ಎಂದೂ ಅನ್ನಲಿಲ್ಲ. ತಾಟಿನಲ್ಲಿ ಉಳಿದಿದ್ದ ಹೋಳಿಗೆಯ ಚೂರು ತಿಂದು ಮುಗಿಸಿ, ಆಮೇಲೆ ಕೀಲಿ ಕೊಟ್ಟೆ.