ಲೇವಿಯಾ ಹೇಳದ ಸಣ್ಣ ಗಾಳಿ

ಎಮಾಯ್ ದ್ವೀಪದಲ್ಲಿ ಮಳೆಗಾಲದ ಮುನ್ಸೂಚನೆ ಬರುತ್ತಿದ್ದದ್ದು ಲೇವಿಯಾಳ ಫೋನಿಗೆ. ಊರಿನ ಮಳೆಮಾಪಕ ಅವಳ ಹಿತ್ತಲಲ್ಲಿತ್ತು, ಹಾಗಾಗಿ ರಾಜಧಾನಿಯ ಹವಾಮಾನ ಕಚೇರಿಯವರು ಅವಳಿಗೇ ಕಳಿಸುತ್ತಿದ್ದರು. ಊರಿಗೆ ಹೇಳುವವನು ಮಾತ್ರ ಅವಳ ಅಣ್ಣ ಕಾಲ್ತಾಕ್. ಗಂಡಸರು ಸಂಜೆ ಕೂತು ಕಾವಾ ಎಂಬ ಮತ್ತಿನ ಬೇರಿನ ರಸ ಕುಡಿಯುವ ಸಭಾಮನೆಯಲ್ಲಿ ಹೆಂಗಸರು ಮಾತಾಡುವಂತಿಲ್ಲ. ಹೆಣ್ಣಿನ ಮಾತನ್ನು ಒಳಗೆ ಒಯ್ಯಲು ಅಣ್ಣನೋ ತಮ್ಮನೋ ಬೇಕು. ಲೇವಿಯಾ ಇದಕ್ಕೆ ತಕರಾರು ಮಾಡಿದವಳಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನನ್ನು ನಂಬಿದಷ್ಟು ಪಾದ್ರಿಯನ್ನೂ ನಂಬಿರಲಿಲ್ಲ.

ಆ ಅಕ್ಟೋಬರಿನಲ್ಲಿ ಅವಳು ಬಿಡಿಸಿ ಹೇಳಿದಳು: "ಚಂಡಮಾರುತ ಬರೋ ಚಾನ್ಸ್ ಸಣ್ಣದಂತೆ ಅಣ್ಣ. ಗಾಳಿ ಸಣ್ಣದು ಅಂತಲ್ಲ. ಬಂದ್ರೆ ಎಂಥದ್ದು ಬರುತ್ತೋ ಅವರಿಗೂ ಗೊತ್ತಿಲ್ಲ. ಹೊಂಡ ತುಂಬಿಸಲೇಬೇಕು ಅಂತ ಹೇಳು."

"ಎಷ್ಟು ಸಲ ಹೇಳ್ತೀಯೆ? ನಾನೇನು ಕಿವುಡನಾ?"

ಹೊಂಡವೆಂದರೆ ದೀವಿಹಲಸಿನದು. ಹಣ್ಣು ಸುಲಿದು, ಎಲೆ ಹಾಸಿದ ಹೊಂಡದಲ್ಲಿ ಹೂತು ಹುಳಿ ಬರಿಸಿದರೆ, ಗಾಳಿ ತೋಟವನ್ನೆಲ್ಲ ಕಿತ್ತೊಗೆದರೂ ಊರು ಉಣ್ಣುತ್ತದೆ. ಆದರೆ ಜನವರಿಯಲ್ಲಿ ಕಾಲ್ತಾಕನ ಮಗನ ಮದುವೆ. ಹೆಣ್ಣಿನ ಕಡೆಯವರು ದೋಣಿ ತುಂಬ ಬರುವವರು. ಹಣ್ಣು ಹೊಂಡಕ್ಕೆ ಹೋದರೆ ಔತಣಕ್ಕೆ ಸಾಲದು.

ಸಭಾಮನೆಯಲ್ಲಿ ಅವನು ಹೇಳಿದ್ದು ಇಷ್ಟೇ: "ನನ್ನ ತಂಗಿ ಹೇಳ್ತಾಳೆ, ಈ ಸಲ ಸಣ್ಣದು."

"ಸಣ್ಣ ಗಾಳಿಗೆ ಹೊಂಡ ಯಾಕಯ್ಯಾ? ಹಣ್ಣು ನಿನ್ನ ಮಗನ ಮದುವೆಗೇ ಇರಲಿ," ಎಂದು ಯಾರೋ ನಕ್ಕರು. ಅವನು ತಿದ್ದಲಿಲ್ಲ.

ಯಾರೂ ಹೊಂಡ ತೋಡದ್ದನ್ನು ಕಂಡು ಲೇವಿಯಾ ಅಣ್ಣನನ್ನು ಕೇಳಿದಳು. "ಮದುವೆ ಮುಗೀಲಿ, ತೋಡ್ತಾರೆ ಬಿಡು," ಎಂದ. ಅವಳು ನಂಬಿದಳು. ಮದುವೆ ಮುಗಿಯಿತು, ಹಣ್ಣೂ ಮುಗಿಯಿತು.

ಮಾರ್ಚಿನಲ್ಲಿ ಗಾಳಿ ಬಂತು. ಗೆಣಸಿನ ಬಳ್ಳಿ, ಬಾಳೆ, ಅರ್ಧ ಊರಿನ ಸೂರು ಹೋದವು. ನೀರಿನ ತೊಟ್ಟಿಯ ಹತ್ತಿರ ನೆರೆಯ ಲೇಸಾಂಗ್ ಕೊಡ ಕುಕ್ಕಿದಳು.

"ಬಂತಲ್ಲಮ್ಮ ನಿನ್ನ ಸಣ್ಣ ಗಾಳಿ! ನಮ್ಮ ಸೂರನ್ನೇ ಹೊತ್ಕೊಂಡು ಹೋಯ್ತು."

"ಸಣ್ಣ ಗಾಳಿ ಅಂತ ನಾನೆಲ್ಲಿ ಅಂದೆ?"

"ನಿನ್ನ ಅಣ್ಣ ಅಂದ, ನಿನ್ನ ಹೆಸರು ಹಿಡಿದು. ಅವನಿಗೇನು ಹುಚ್ಚಾ?"

ಆಗಲೇ ಅವಳಿಗೆ ಗೊತ್ತಾದದ್ದು. ಊರಿನ ಮುಖ್ಯಸ್ಥ ಆಲದ ಮರದಡಿ ಎಲ್ಲರನ್ನೂ ಸೇರಿಸಿದಾಗ, ಅಣ್ಣ ಎದ್ದು ನಿಜ ಹೇಳುತ್ತಾನೆ ಎಂದೇ ಅವಳು ಹೆಂಗಸರ ಸಾಲಿನಲ್ಲಿ ಕಾದು ಕೂತಳು. ಅವನು ಎದ್ದ.

"ತಂಗಿ ಕೊಟ್ಟ ಮಾತು ತಂದು ಮುಟ್ಟಿಸಿದೆ. ಹೊರೆ ಹೊರೋನಿಗೆ ಒಳಗೇನಿದೆ ಅಂತ ಏನು ಗೊತ್ತು?"

ಲೇವಿಯಾ ಅವನ ಮುಖವನ್ನೇ ನೋಡಿದಳು. ಅವನು ಕಾಲ ಬಳಿಯ ಬೇರು ನೋಡುತ್ತಿದ್ದ.

ಒಂದು ವಾರದ ಮೇಲೆ ಅವನು ರಾಜಿಯ ಚಾಪೆ ತಂದು ಅವಳ ಹೊಸ್ತಿಲಲ್ಲಿಟ್ಟ. ತಪ್ಪು ಮಾಡಿದವನು ಹಾಗೆ ಚಾಪೆಯಿಟ್ಟರೆ ಅಲ್ಲಿಗೆ ಮಾತು ಮುಗಿಯಿತು, ತಿರುಗಿಸುವ ಪದ್ಧತಿಯಿಲ್ಲ.

"ಇದನ್ನು ಆಲದ ಮರದಡಿ ಇಡು," ಎಂದಳು. "ಎಲ್ಲರೆದುರು ಹೇಳು."

"ಚಾಪೆ ತಂದಿದೀನಲ್ಲೇ. ಇನ್ನೇನು, ಊರೆದುರು ಮಾನ ಕಳೀತೀಯಾ?"

"ನನ್ನದು ಕಳೆದೆಯಲ್ಲ."

ಅವನು ಚಾಪೆ ಬಿಟ್ಟು ಹೋದ. ಅವಳು ಅದನ್ನು ಸುತ್ತಿ ತಲೆಯ ಮೇಲಿಟ್ಟುಕೊಂಡು, ಊರು ನೋಡುತ್ತಿದ್ದಂತೆ, ಅವನ ಬಾಗಿಲಿಗೇ ಮರಳಿಸಿ ಬಂದಳು.

ಮತ್ತೆ ಅಕ್ಟೋಬರ್ ಬಂತು. ಈ ಸಲದ ಮುನ್ಸೂಚನೆ ಕೆಟ್ಟದಾಗಿತ್ತು. ಅಣ್ಣನಿಗೆ ಹೇಳಲಾರಳು, ಸುಮ್ಮನಿರಲೂ ಆರಳು. ಸಂಜೆ ಸಭಾಮನೆಯ ಬಾಗಿಲಿಗೆ ಹೋಗಿ ಹೊಸ್ತಿಲ ಹೊರಗೇ ನಿಂತಳು.

"ಈ ಸಲ ಚಂಡಮಾರುತ ಬರೋ ಚಾನ್ಸ್ ದೊಡ್ಡದು. ಬಂದೇ ಬರುತ್ತೆ ಅಂತಲ್ಲ. ಹೊಂಡ ತೋಡಿ."

ಒಳಗೆ ಕಾವಾ ಹೀರುವ ಸದ್ದು ನಿಂತಿತು. ಮುಖ್ಯಸ್ಥ ಅವಳತ್ತ ತಿರುಗಲೇ ಇಲ್ಲ.

"ಏನೋ ಕಾಲ್ತಾಕ್, ನಿನ್ನ ತಂಗಿ ಹೇಳೋದು ಹೌದೇನೋ?"

"ಹೌದು," ಎಂದ ಕಾಲ್ತಾಕ್.

ಎಲ್ಲರೂ ನಂಬಿದರು. ಹಣ್ಣು ಬಲಿತಾಗ ಊರೆಲ್ಲ ಹೊಂಡ ತೋಡಿತು. ಹೋದ ವರ್ಷದ ಮಾತನ್ನು ಅವನೂ ಎತ್ತಲಿಲ್ಲ, ಬೇರೆಯವರೂ ಕೇಳಲಿಲ್ಲ. ಅವನು ಹಾರೆ ಹಿಡಿದು ಅವಳ ಹಿತ್ತಲಿಗೂ ಬಂದ.

"ನಿನ್ನದು ತೋಡ್ಕೋ ಹೋಗು," ಎಂದಳು ಲೇವಿಯಾ, ತಲೆಯೆತ್ತದೆ.